ಬೇರೆಯವರ ಜಾಗದಲ್ಲಿ ಬಿದ್ದು ಪೆಟ್ಟಾದರೆ ಕೇಸು ಶುರುವಾಗುವುದು ಆಸ್ಪತ್ರೆಯಲ್ಲಿ

ನಾನು ಹುಬ್ಬಳ್ಳಿಯಲ್ಲಿ ವಕೀಲಿ ಮಾಡುತ್ತೇನೆ. ಆಸ್ತಿ ತಕರಾರು, ಚೆಕ್ ಬೌನ್ಸು, ವಾಹನ ಅಪಘಾತ, ನಮ್ಮ ಆಫೀಸಿಗೆ ಬರುವ ಕೇಸುಗಳಲ್ಲಿ ಇವೇ ಜಾಸ್ತಿ. ಇವುಗಳ ನಡುವೆ ಆಗಾಗ ಇನ್ನೊಂದು ಥರದವರು ಬರುತ್ತಾರೆ. ಅಂಗಡಿಯ ಮೆಟ್ಟಿಲಲ್ಲಿ ಜಾರಿ ಬಿದ್ದವರು, ಲಾಡ್ಜಿನ ಬಾತ್‌ರೂಮಿನಲ್ಲಿ ಗೀಸರ್ ಶಾಕ್ ಹೊಡೆದವರು, ಕಟ್ಟುತ್ತಿರುವ ಮನೆಯ ಸಂಪಿಗೆ ಬಿದ್ದ ಮಗುವಿನ ತಂದೆ. ರಸ್ತೆಯಲ್ಲಿ ಬೈಕ್ ಗುದ್ದಿದರೆ ಪರಿಹಾರ ಕೇಳಬಹುದು ಅಂತ ಎಲ್ಲರಿಗೂ ಗೊತ್ತು. ಇನ್ನೊಬ್ಬರ ಕಟ್ಟಡದಲ್ಲಿ ಬಿದ್ದು ಕೈ ಮುರಿದುಕೊಂಡರೆ ಮಾತ್ರ “ನಮ್ಮ ಹಣೇಬರಹ” ಅಂದುಕೊಂಡು ಸುಮ್ಮನಾಗುತ್ತೇವೆ.

ಹಣೇಬರಹ ಅಂತ ಬಿಡಬೇಕಿಲ್ಲ. ಜನ ಬಂದು ಹೋಗುವ ಜಾಗ ಯಾರ ಕೈಯಲ್ಲಿದೆಯೋ, ಆ ಜಾಗವನ್ನು ಸುರಕ್ಷಿತವಾಗಿ ಇಟ್ಟುಕೊಳ್ಳುವುದು ಅವರ ಹೊಣೆ. ಅವರ ನಿರ್ಲಕ್ಷ್ಯದಿಂದ ಪೆಟ್ಟಾದರೆ ಪರಿಹಾರ ಕೇಳಬಹುದು. ಇದಕ್ಕೆ ಅಂತಲೇ ನಮ್ಮಲ್ಲಿ ಒಂದು ಪ್ರತ್ಯೇಕ ಕಾಯ್ದೆ ಇಲ್ಲ. ಸಿವಿಲ್ ಕೋರ್ಟುಗಳು ಬಹಳ ಹಿಂದಿನಿಂದ ಒಪ್ಪಿಕೊಂಡು ಬಂದ ತತ್ವ ಇದು. ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ 1951ರಲ್ಲಿ ಕುಸಿದು ಜನ ಸತ್ತಾಗ, ಸುಪ್ರೀಂ ಕೋರ್ಟ್ 1966ರಲ್ಲಿ ಅಲ್ಲಿನ ಪಾಲಿಕೆಯನ್ನೇ ಹೊಣೆ ಮಾಡಿತು. ಆ ಗೋಪುರಕ್ಕೆ ಸುಮಾರು 80 ವರ್ಷ ಆಗಿತ್ತು. ಅದರ ಗಾರೆಯ ಆಯುಸ್ಸು 40-45 ವರ್ಷ ಮಾತ್ರ. ಒಳಗಿನ ದೋಷ ನಮಗೆ ಕಾಣಲಿಲ್ಲ ಅಂತ ಪಾಲಿಕೆ ಹೇಳಿದ ಮಾತು ನಡೆಯಲಿಲ್ಲ. ಕಟ್ಟಡ ನಿಮ್ಮದಾದ ಮೇಲೆ ಕಾಲಕಾಲಕ್ಕೆ ಪರೀಕ್ಷೆ ಮಾಡಿಸುವುದೂ ನಿಮ್ಮ ಕೆಲಸ ಅಂತ ಕೋರ್ಟು ಹೇಳಿತು.

ಅಂದರೆ ಕಾನೂನು ನಮ್ಮ ಕಡೆ ಇದೆ. ಆದರೂ ಇಂಥ ಕೇಸುಗಳು ಸೋಲುತ್ತವೆ. ನಾನು ನೋಡಿದ ಮಟ್ಟಿಗೆ ಅವು ಕೋರ್ಟಿಗೆ ಬರುವ ಮೊದಲೇ ಸೋತಿರುತ್ತವೆ. ಬಿದ್ದ ದಿನ ಆಸ್ಪತ್ರೆಯ ಕ್ಯಾಜುವಾಲ್ಟಿಯಲ್ಲಿ ಏನು ಬರೆಸಿದರು, ಮರುದಿನ ಆ ಜಾಗದ ಫೋಟೊ ತೆಗೆದರೋ ಇಲ್ಲವೋ, ಆ ವಾರ ಯಾವ ಕಾಗದಕ್ಕೆ ಸಹಿ ಹಾಕಿದರು, ಇಷ್ಟರಲ್ಲೇ ಮುಕ್ಕಾಲು ಕೇಸು ಮುಗಿದಿರುತ್ತದೆ. ಈ ಬರಹದಲ್ಲಿ ಹೇಳಬೇಕಿರುವುದೂ ಅದನ್ನೇ.

ಒಂದು ಕೇಸು ಹೇಳುತ್ತೇನೆ. ಯಾರ ಗುರುತೂ ಸಿಗದ ಹಾಗೆ ಸಣ್ಣಪುಟ್ಟ ಬದಲಾವಣೆ ಮಾಡಿದ್ದೇನೆ.

ಗದಗ ಕಡೆಯ ಒಬ್ಬ ಹೆಣ್ಣುಮಗಳು. ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾರೆ. ಸಂಬಂಧಿಕರ ಮದುವೆಗೆ ಅಂತ ಹುಬ್ಬಳ್ಳಿಯ ಒಂದು ಕಲ್ಯಾಣ ಮಂಟಪಕ್ಕೆ ಬಂದಿದ್ದರು. ಅಕ್ಕಿಕಾಳು ಬಿದ್ದ ಮೇಲೆ ಊಟದ ಗದ್ದಲ. ಊಟದ ಹಾಲಿನಿಂದ ಕೈ ತೊಳೆಯುವ ಜಾಗಕ್ಕೆ ನಾಲ್ಕು ಮೆಟ್ಟಿಲು ಇಳಿಯಬೇಕು. ಮೆಟ್ಟಿಲಿಗೆ ನುಣುಪು ಗ್ರಾನೈಟ್. ಹಿಡಿದುಕೊಳ್ಳಲು ಕಂಬಿ ಇಲ್ಲ. ನಲ್ಲಿಯ ನೀರು, ಎಲೆಯಿಂದ ಬಿದ್ದ ಸಾರು, ಎಲ್ಲ ಸೇರಿ ಮೆಟ್ಟಿಲು ಒದ್ದೆ. ಒರೆಸಲು ಒಬ್ಬರೂ ಇರಲಿಲ್ಲ. ಅವರು ಜಾರಿದರು, ಬಲಗೈ ಊರಿ ಬಿದ್ದರು, ಮಣಿಕಟ್ಟಿನ ಮೂಳೆ ಮುರಿಯಿತು.

ಅವರ ಅಕ್ಕನ ಮಗ ಆಸ್ಪತ್ರೆಗೆ ಕರೆದುಕೊಂಡು ಹೋದ. ಕ್ಯಾಜುವಾಲ್ಟಿಯಲ್ಲಿ ಡ್ಯೂಟಿ ಡಾಕ್ಟರ್ ಹೇಗಾಯಿತು ಅಂತ ಕೇಳಿದಾಗ ಅವನು ಹೇಳಿದ್ದು: “ಮನಿಯಾಗ ಜಾರಿ ಬಿದ್ದಾರ್ರಿ.” ಡಾಕ್ಟರ್ ಅದನ್ನೇ ಬರೆದುಕೊಂಡರು. ಡಿಸ್ಚಾರ್ಜ್ ಕಾರ್ಡಿಗೂ ಅದೇ ಸಾಲು ಹೋಯಿತು.

ಆಮೇಲೆ ಅವರು ನಮ್ಮ ಆಫೀಸಿಗೆ ಬಂದಾಗ ಯಾಕೆ ಹೀಗೆ ಹೇಳಿದಿರಿ ಅಂತ ಕೇಳಿದೆ. “ಮದುವಿ ಮನ್ಯಾಗ ಪೊಲೀಸ್ರು ಬಂದ್ರ ಚೊಲೊ ಅನಸ್ತೈತೇನ್ರಿ ಮೇಡಂ? ಬೀಗರ ಮುಂದ ಮರ್ಯಾದಿ ಹೋಗ್ತಿತ್ತು” ಅಂದರು. ಅವರ ಸಂಕಟ ಅರ್ಥವಾಗುತ್ತದೆ. ನಮ್ಮ ಕಡೆ ಹತ್ತರಲ್ಲಿ ಒಂಬತ್ತು ಮಂದಿ ಹೀಗೇ ಮಾಡುತ್ತಾರೆ. ಎಂಎಲ್‌ಸಿ (ಮೆಡಿಕೋ ಲೀಗಲ್ ಕೇಸು, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಗಾಯ ಅಂತ ಆಸ್ಪತ್ರೆ ಮಾಡುವ ದಾಖಲೆ) ಅಂದರೆ ಪೊಲೀಸ್ ಕೇಸು, ಪೊಲೀಸ್ ಕೇಸು ಅಂದರೆ ಅಲೆದಾಟ, ಅದಕ್ಕೇ ಸುಮ್ನೆ ಮನೆಯಲ್ಲಿ ಬಿದ್ದೆ ಅಂದುಬಿಡೋಣ ಅಂತ. ಆದರೆ ಎದುರಿನ ವಕೀಲರು ಮೊದಲು ಎತ್ತಿ ಹಿಡಿಯುವ ಕಾಗದವೇ ಆ ಡಿಸ್ಚಾರ್ಜ್ ಕಾರ್ಡು. “ಘಟನೆ ನಡೆದ ಗಂಟೆಯೊಳಗೆ ಇವರೇ ಬರೆಸಿದ್ದಾರೆ ಮನೆಯಲ್ಲಿ ಬಿದ್ದಿದ್ದು ಅಂತ, ಈಗ ದುಡ್ಡಿಗಾಗಿ ಮಂಟಪದ ಹೆಸರು ಹೇಳುತ್ತಿದ್ದಾರೆ” ಅನ್ನುತ್ತಾರೆ. ಆ ಮಾತನ್ನು ಅಳಿಸಲು ನಾವು ಪಡುವ ಪಾಡು ಅಷ್ಟಿಷ್ಟಲ್ಲ.

ಆದ್ದರಿಂದ ಮೊದಲನೇ ಮಾತು. ಕ್ಯಾಜುವಾಲ್ಟಿಯಲ್ಲಿ ನಡೆದದ್ದನ್ನು ನಡೆದ ಹಾಗೆ ಹೇಳಿ. ಎಲ್ಲಿ, ಎಷ್ಟು ಹೊತ್ತಿಗೆ, ಯಾವುದರಿಂದ. “ಇಂಥ ಅಂಗಡಿಯ ಒದ್ದೆ ಮೆಟ್ಟಿಲಲ್ಲಿ ಜಾರಿ” ಅಂತ ಬರೆಯಲು ಕೇಳಿ. ಡಾಕ್ಟರ್ ಬರೆದುಕೊಂಡ ಮೇಲೆ ಓದಿ ನೋಡಿ, ಇಂಗ್ಲಿಷ್ ಬಾರದಿದ್ದರೆ ನರ್ಸ್‌ಗೆ ಓದಿ ಹೇಳಲು ಕೇಳಿ. ಎಂಎಲ್‌ಸಿ ಆದರೆ ಆಸ್ಪತ್ರೆಯವರು ಠಾಣೆಗೆ ತಿಳಿಸುತ್ತಾರೆ, ಪೊಲೀಸರು ಬಂದು ಹೇಳಿಕೆ ಕೇಳಬಹುದು, ಅಷ್ಟೇ. ಯಾರನ್ನೋ ಆ ಕೂಡಲೇ ಹಿಡಿದುಕೊಂಡು ಹೋಗುವುದಿಲ್ಲ. ನಿರ್ಲಕ್ಷ್ಯದಿಂದ ಗಾಯ ಮಾಡಿದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಂ ಇದೆ. ಮೂಳೆ ಮುರಿದರೆ ಅದು ಭಾರಿ ಗಾಯದ ಲೆಕ್ಕಕ್ಕೆ ಬರುತ್ತದೆ. ಕ್ರಿಮಿನಲ್ ಕೇಸು ಬೇಡ ಅನ್ನಿಸಿದರೆ ಅದನ್ನು ಆಮೇಲೆ ಯೋಚಿಸಬಹುದು. ಪರಿಹಾರಕ್ಕೆ ಎಫ್‌ಐಆರ್ ಇರಲೇಬೇಕು ಅಂತಲೂ ಇಲ್ಲ. ಕಾಗದದ ಮೇಲೆ ಜಾಗದ ಹೆಸರು ಮಾತ್ರ ಇರಲೇಬೇಕು.

ಈಗಾಗಲೇ ತಪ್ಪು ಬರೆಸಿದವರೂ ಕೈ ಚೆಲ್ಲಬೇಕಿಲ್ಲ. ಎಷ್ಟು ಬೇಗ ಆಗುತ್ತದೋ ಅಷ್ಟು ಬೇಗ ಆಸ್ಪತ್ರೆಗೆ ಒಂದು ಅರ್ಜಿ ಬರೆದು, ಮೊದಲು ಯಾರು ಯಾಕೆ ಹಾಗೆ ಹೇಳಿದರು, ನಿಜವಾಗಿ ನಡೆದದ್ದೇನು ಅಂತ ತಿಳಿಸಿ ಸ್ವೀಕೃತಿ ಪಡೆಯಿರಿ. ಹಳೆಯ ಸಾಲನ್ನು ತಿದ್ದಿ ಬರೆಯಿರಿ ಅಂತ ಯಾರನ್ನೂ ಕೇಳಬೇಡಿ. ತಿದ್ದಿದ ಕಾಗದಕ್ಕಿಂತ ಕೆಟ್ಟ ಸಾಕ್ಷಿ ಇಲ್ಲ. 108 ಆಂಬುಲೆನ್ಸ್ ಕರೆಸಿದ್ದರೆ ಎಲ್ಲಿಂದ ಕರೆದುಕೊಂಡು ಹೋದರು ಅನ್ನುವುದು ಅವರ ದಾಖಲೆಯಲ್ಲಿರುತ್ತದೆ. ಆ ದಿನ ಮನೆಯವರ ನಡುವೆ ಓಡಾಡಿದ ವಾಟ್ಸಾಪ್ ಮೆಸೇಜುಗಳೂ ಉಪಯೋಗಕ್ಕೆ ಬರುತ್ತವೆ.

ನಮ್ಮ ರೊಟ್ಟಿ ಬಡಿಯುವ ಅಕ್ಕನಿಗೆ ನೆರವಾದವರು ಮದುವೆಯ ವಿಡಿಯೋ ತೆಗೆದ ಹುಡುಗ. ಮಂಟಪದ ಸಿಸಿಟಿವಿ ಕೇಳುವಷ್ಟರಲ್ಲಿ ಹಳೆಯ ರೆಕಾರ್ಡಿಂಗ್ ಅಳಿಸಿ ಹೋಗಿತ್ತು. ಬಹಳ ಕಡೆ ಕೆಲವು ವಾರಗಳಲ್ಲಿ ಹಳೆಯದರ ಮೇಲೆ ಹೊಸದು ಬಂದು ಕೂರುತ್ತದೆ. ಆದರೆ ವಿಡಿಯೋದವನ ಹಾರ್ಡ್ ಡಿಸ್ಕಿನಲ್ಲಿ ಎಡಿಟ್ ಮಾಡದ ಪೂರ್ತಿ ದೃಶ್ಯ ಇತ್ತು. ಊಟದ ಪಂಕ್ತಿ ತೋರಿಸುತ್ತ ಕ್ಯಾಮೆರಾ ಕೈ ತೊಳೆಯುವ ಕಡೆ ಹೊರಳುತ್ತದೆ. ಮೆಟ್ಟಿಲ ಮೇಲೆ ನೀರು ಹೊಳೆಯುವುದು ಕಾಣುತ್ತದೆ. ಒಬ್ಬ ಅಜ್ಜ ಗೋಡೆ ಹಿಡಿದು ಇಳಿಯುತ್ತಾರೆ, ಯಾಕೆಂದರೆ ಹಿಡಿಯಲು ಬೇರೇನೂ ಇಲ್ಲ. ಸ್ವಲ್ಪ ಹೊತ್ತಿನ ನಂತರ ಅದೇ ಮೂಲೆಯಲ್ಲಿ ಗುಂಪು, ನಡುವೆ ಹಸಿರು ಸೀರೆಯ ಇವರು ಕೈ ಹಿಡಿದುಕೊಂಡು ಕೂತಿದ್ದಾರೆ. ಮದುವೆಯ ಸಿಡಿಗೆ ಬೇಡವೆಂದು ಕತ್ತರಿಸಿ ಬಿಟ್ಟ ಆ ತುಣುಕೇ ಡಿಸ್ಚಾರ್ಜ್ ಕಾರ್ಡಿನ ಸಾಲಿಗೆ ಉತ್ತರವಾಯಿತು. ಇಂಥ ಡಿಜಿಟಲ್ ಸಾಕ್ಷಿಗೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಜೊತೆಗಿಡಬೇಕು. ಹುಡುಗ ತಕರಾರಿಲ್ಲದೆ ಬಂದು ಕೊಟ್ಟ.

ಎಲ್ಲರ ಕೇಸಿನಲ್ಲೂ ವಿಡಿಯೋದವರು ಇರುವುದಿಲ್ಲ. ಹಾಗಾಗಿ ಪೆಟ್ಟಾದವರನ್ನು ಒಬ್ಬರು ಆಸ್ಪತ್ರೆಗೆ ಕರೆದೊಯ್ದರೆ, ಇನ್ನೊಬ್ಬರು ಅಲ್ಲೇ ನಿಂತು ಫೋಟೊ ತೆಗೆಯಬೇಕು. ಹತ್ತಿರದಿಂದ ಒಂದಿಷ್ಟು, ಇಡೀ ಜಾಗ ಗೊತ್ತಾಗುವ ಹಾಗೆ ದೂರದಿಂದ ಒಂದಿಷ್ಟು, ಬೋರ್ಡಿನ ಹೆಸರು ಕಾಣುವ ಹಾಗೆ ಒಂದು. ತಡ ಮಾಡಿದರೆ ಜಾಗವೇ ಬದಲಾಗುತ್ತದೆ. ಸಂಪಿಗೆ ಬಿದ್ದ ಮಗುವಿನ ಕೇಸಿನಲ್ಲಿ ಮರುದಿನ ಬೆಳಿಗ್ಗೆ ಅಷ್ಟೊತ್ತಿಗೆ ಸಂಪಿನ ಮೇಲೆ ಕಲ್ಲುಚಪ್ಪಡಿ ಬಂದಿತ್ತು, ಸುತ್ತ ಹಗ್ಗ ಕಟ್ಟಿತ್ತು. ಮಗುವಿನ ಸೋದರಮಾವ ಹಿಂದಿನ ಸಂಜೆಯೇ ಮೊಬೈಲಿನಲ್ಲಿ ತೆರೆದ ಸಂಪು ಸೆರೆ ಹಿಡಿದಿದ್ದ. ಅದಿಲ್ಲದಿದ್ದರೆ “ನಮ್ಮ ಸಂಪಿಗೆ ಯಾವಾಗಲೂ ಮುಚ್ಚಳ ಇದೆ” ಅನ್ನುವ ಗುತ್ತಿಗೆದಾರರ ಮಾತೇ ಉಳಿಯುತ್ತಿತ್ತು.

ಸಿಸಿಟಿವಿ ಇರುವ ಜಾಗವಾದರೆ ಅದೇ ವಾರ ಬರವಣಿಗೆಯಲ್ಲಿ ಕೇಳಿ: ಇಂಥ ದಿನ, ಇಂಥ ಹೊತ್ತಿನ ರೆಕಾರ್ಡಿಂಗ್ ಅಳಿಸಬೇಡಿ, ತೆಗೆದಿಡಿ ಅಂತ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಕೇಳಿದ ಮೇಲೂ ಅಳಿಸಿದರೆ, ಯಾಕೆ ಅಳಿಸಿದಿರಿ ಅನ್ನುವ ಪ್ರಶ್ನೆಗೆ ಅವರೇ ಉತ್ತರ ಹೇಳಬೇಕಾಗುತ್ತದೆ.

ಇನ್ನು ಎಲ್ಲಿ ಕೇಸು ಹಾಕುವುದು ಅನ್ನುವ ವಿಚಾರ. ಬಂದವರನ್ನು ನಾನು ಕೇಳುವ ಮೊದಲ ಪ್ರಶ್ನೆ: ನೀವು ಅಲ್ಲಿಗೆ ಯಾಕೆ ಹೋಗಿದ್ದಿರಿ? ಅದರ ಮೇಲೆ ದಾರಿ ಬದಲಾಗುತ್ತದೆ.

ದುಡ್ಡು ಕೊಟ್ಟು ಸೇವೆ ಪಡೆಯಲು ಹೋಗಿದ್ದರೆ, ಅಂದರೆ ಲಾಡ್ಜು, ಹೋಟೆಲು, ಜಿಮ್ಮು, ಈಜುಕೊಳ, ಇಂಥ ಕಡೆ, ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಘಟನೆಯಿಂದ 2 ವರ್ಷ ಸಮಯ ಇದೆ. ನಮ್ಮ ಕೇಸಿನಲ್ಲಿ ಮಂಟಪದವರು ದೊಡ್ಡ ದನಿಯಲ್ಲಿ ವಾದಿಸಿದ್ದು ಇದನ್ನೇ: “ಬಾಡಿಗೆ ಕೊಟ್ಟಿದ್ದು ಹುಡುಗಿಯ ಅಪ್ಪ. ಈ ಹೆಣ್ಣುಮಗಳು ಒಂದು ರೂಪಾಯಿನೂ ಕೊಟ್ಟಿಲ್ಲ. ಇವರು ಹೆಂಗ ಗ್ರಾಹಕರಾಗ್ತಾರ?” ಕೇಳಲು ಸರಿ ಅನ್ನಿಸುತ್ತದೆ ಅಲ್ವಾ? ಆದರೆ ಕಾಯ್ದೆ ಓದಿದರೆ ದುಡ್ಡು ಕೊಟ್ಟವರ ಒಪ್ಪಿಗೆಯಿಂದ ಆ ಸೇವೆಯ ಲಾಭ ಪಡೆಯುವವರೂ ಗ್ರಾಹಕರೇ. ಮದುವೆ ಮಾಡುವವರು ಮಂಟಪ ಹಿಡಿಯುವುದೇ ಕರೆದವರಿಗಾಗಿ. ಲಗ್ನಪತ್ರಿಕೆ ಕೊಟ್ಟು ಕರೆದ ಅತಿಥಿ ಅವರ ಒಪ್ಪಿಗೆಯಿಂದಲೇ ಅಲ್ಲಿ ಇರುವುದು. ಆ ಲಗ್ನಪತ್ರಿಕೆಯನ್ನೂ ದಾಖಲೆಯಾಗಿ ಹಾಜರು ಮಾಡಿದೆವು.

ಗ್ರಾಹಕ ಆಯೋಗದ ಬಗ್ಗೆ ಜನರಿಗೆ ಗೊತ್ತಿಲ್ಲದ ಎರಡು ಸಂಗತಿ ಇವೆ. ಒಂದು, ದೂರು ಕೊಡುವವರು ತಾವು ಇರುವ ಜಿಲ್ಲೆಯಲ್ಲೇ ಕೊಡಬಹುದು. ಅಕ್ಕ ಬಿದ್ದಿದ್ದು ಹುಬ್ಬಳ್ಳಿಯಲ್ಲಿ, ದೂರು ಹಾಕಿದ್ದು ಗದಗಿನಲ್ಲಿ. ಮುರಿದ ಕೈ ಹೊತ್ತು ಅವರು ಧಾರವಾಡಕ್ಕೆ ಅಲೆಯಲಿಲ್ಲ, ಮಂಟಪದವರೇ ಬಂದರು. ಹಾವೇರಿಯವರು ಬೆಂಗಳೂರಿನ ಲಾಡ್ಜಿನಲ್ಲಿ ಬಿದ್ದರೂ ಹಾವೇರಿಯಲ್ಲೇ ದೂರು ಕೊಡಬಹುದು. ಎರಡು, ಅಲ್ಲಿನ ಶುಲ್ಕವನ್ನು ನೀವು ಕೇಳುವ ಪರಿಹಾರದ ಮೇಲೆ ಲೆಕ್ಕ ಹಾಕುವುದಿಲ್ಲ, ಸೇವೆಗೆ ಕೊಟ್ಟ ದುಡ್ಡಿನ ಮೇಲೆ ಲೆಕ್ಕ ಹಾಕುತ್ತಾರೆ. ಅದು 5 ಲಕ್ಷ ರೂಪಾಯಿ ದಾಟದಿದ್ದರೆ ಶುಲ್ಕವೇ ಇಲ್ಲ. ವಕೀಲರಿಲ್ಲದೆ ನೀವೇ ವಾದಿಸಲೂಬಹುದು. ನೋಟಿಸ್ ತಲುಪಿದ 30 ದಿನದಲ್ಲಿ ಎದುರು ಪಕ್ಷ ಉತ್ತರ ಕೊಡಬೇಕು. ಜಾಸ್ತಿ ಅಂದರೆ ಇನ್ನೊಂದು 15 ದಿನ ಸಿಗುತ್ತದೆ. ಅದಕ್ಕಿಂತ ಎಳೆಯಲು ಆಯೋಗವೂ ಬಿಡುವಂತಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ.

ಸೇವೆಯ ಸಂಬಂಧವೇ ಇಲ್ಲದಿದ್ದರೆ, ಉದಾಹರಣೆಗೆ ಪಕ್ಕದ ಮನೆಯ ಸಜ್ಜಾ ಕಳಚಿ ತಲೆ ಮೇಲೆ ಬಿದ್ದರೆ, ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಬೇಕು. ಸಾಮಾನ್ಯವಾಗಿ 3 ವರ್ಷದೊಳಗೆ. ಜೀವ ಹೋಗಿದ್ದರೆ ಮನೆಯವರು 1855ರ ಮಾರಣಾಂತಿಕ ಅಪಘಾತಗಳ ಕಾಯ್ದೆಯಡಿ ಕೇಳಬಹುದು, ಅದಕ್ಕೆ 2 ವರ್ಷ. ಗಾಯವಾದವರು ಮಗುವಾದರೆ ಕಾಲಮಿತಿ ವಯಸ್ಸಿಗೆ ಬಂದ ಮೇಲೆ ಲೆಕ್ಕಕ್ಕೆ ಬರುತ್ತದೆ. ಹಾಗಂತ ಕಾಯುವುದು ಬೇಡ, ಮಗುವಿನ ಪರವಾಗಿ ತಂದೆ ತಾಯಿ ಈಗಲೇ ದಾವೆ ಹಾಕಬಹುದು. ಅಷ್ಟು ವರ್ಷ ಸಾಕ್ಷಿಗಳು ಯಾರೂ ಕಾಯುವುದಿಲ್ಲ. ಸರ್ಕಾರದ ಮೇಲೆ ದಾವೆ ಹಾಕಬೇಕಾದರೆ ಮೊದಲು ನೋಟಿಸ್ ಕೊಟ್ಟು 2 ತಿಂಗಳು ಕಾಯಬೇಕು. ಮಹಾನಗರ ಪಾಲಿಕೆಯ ಚರಂಡಿ, ಉದ್ಯಾನ, ಮಾರುಕಟ್ಟೆ ಕಟ್ಟಡ ಇಂಥದ್ದಾದರೆ ನೋಟಿಸ್ಸಿನ ನಿಯಮವೂ ಗಡುವೂ ಬೇರೆ, ಕಡಿಮೆ. ಅಂಥ ಕೇಸಿನಲ್ಲಿ ಬ್ಯಾಂಡೇಜ್ ಬಿಚ್ಚುವ ತನಕ ಕಾಯದೆ ವಕೀಲರನ್ನು ನೋಡಿ.

ಅಲ್ಲಿಗೆ ಕೆಲಸಕ್ಕೆ ಹೋಗಿ ಪೆಟ್ಟು ಮಾಡಿಕೊಂಡವರ ದಾರಿ ಮೂರನೆಯದು. ಗೌಂಡಿಗಳು, ಹಮಾಲರು, ಪೇಂಟರ್‌ಗಳು. ಅವರಿಗೆ ಕಾರ್ಮಿಕ ಪರಿಹಾರದ ಕಾನೂನಿದೆ. ಅಲ್ಲಿ ಮಾಲೀಕರ ನಿರ್ಲಕ್ಷ್ಯ ಸಾಬೀತು ಮಾಡುವ ಗೋಜಿಲ್ಲ, ಕೆಲಸದ ವೇಳೆ ಕೆಲಸದಿಂದ ಪೆಟ್ಟಾಯಿತು ಅಂತ ತೋರಿಸಿದರೆ ಸಾಕು. 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತಿದ್ದು ನಮ್ಮ ಭಾಗದವರು ಯಾರೂ ಮರೆತಿಲ್ಲ. ಕೆಳಗೆ ಅಂಗಡಿಗಳು ನಡೆಯುತ್ತಿದ್ದವು, ಮೇಲೆ ಕೆಲಸ ನಡೆಯುತ್ತಿತ್ತು. ಒಂದೇ ಕಟ್ಟಡದಡಿ ಸಿಕ್ಕ ಕೂಲಿಯವರಿಗೆ ಒಂದು ಕಾನೂನು, ಅಂಗಡಿಗೆ ಬಂದ ಗಿರಾಕಿಗೆ ಇನ್ನೊಂದು. ನೊಂದವರು ಒಂದು ಬಾಗಿಲಿಗೆ ಹೋಗಿ ವಾಪಸ್ ಬಂದರೆ ಇನ್ನೊಂದು ಬಾಗಿಲು ಇದೆ ಅಂತ ತಿಳಿಯದೆ ಮನೆಗೆ ಹೋಗುತ್ತಾರೆ. ನನಗೆ ತುಂಬಾ ಬೇಜಾರಾಗುವ ವಿಷಯ ಇದು.

ಕೇಸು ಯಾರ ಮೇಲೆ ಹಾಕಬೇಕು ಅನ್ನುವುದೂ ಸಲೀಸಲ್ಲ. ಕಟ್ಟಡ ಒಬ್ಬರದು, ನಡೆಸುವವರು ಲೀಸಿಗೆ ತೆಗೆದುಕೊಂಡ ಇನ್ನೊಬ್ಬರು, ಸ್ವಚ್ಛತೆ ಮೂರನೆಯವರ ಗುತ್ತಿಗೆ. ಒಬ್ಬರು ಇನ್ನೊಬ್ಬರ ಕಡೆ ಬೊಟ್ಟು ಮಾಡುತ್ತಾರೆ. ಬಿಲ್ಲಿನ ಮೇಲಿನ ಹೆಸರು, ಜಿಎಸ್‌ಟಿ ನಂಬರು, ಸಿಟಿ ಸರ್ವೇ ಉತಾರ (ಆಸ್ತಿ ಯಾರ ಹೆಸರಲ್ಲಿದೆ ಅಂತ ತೋರಿಸುವ ಕಾಗದ), ಪಾಲಿಕೆಯ ಟ್ರೇಡ್ ಲೈಸೆನ್ಸ್, ಇವನ್ನೆಲ್ಲ ತೆಗೆಸಿದರೆ ಯಾರು ಯಾರು ಅಂತ ಗೊತ್ತಾಗುತ್ತದೆ. ಪಾಲಿಕೆಯ ಕಾಗದಕ್ಕೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಬಹುದು. ಅನುಮಾನ ಇದ್ದರೆ ಎಲ್ಲರನ್ನೂ ಪಾರ್ಟಿ ಮಾಡುವುದು ಒಳ್ಳೆಯದು. ನೋಟಿಸ್ಸಿನಲ್ಲೇ ಅವರ ವಿಮೆ ಪಾಲಿಸಿಯ ನಕಲು ಕೇಳಿ. ದೊಡ್ಡ ಅಂಗಡಿ, ಮಂಟಪ, ಹೋಟೆಲುಗಳಲ್ಲಿ ಕೆಲವರು ಬಂದವರಿಗೆ ಆಗುವ ಗಾಯಕ್ಕೂ ಸೇರಿ ವಿಮೆ ಮಾಡಿಸಿರುತ್ತಾರೆ. ವಿಮೆ ಇದೆ ಅಂತಾದರೆ ಮಾಲೀಕರ ಮಾತಿನ ಧಾಟಿಯೇ ಮೆತ್ತಗಾಗುತ್ತದೆ.

ಈಗ ಪರಿಹಾರದ ಮೊತ್ತಕ್ಕೆ ಬರೋಣ. ಇಲ್ಲೇ ಜನ ಅತಿ ಹೆಚ್ಚು ಕಳೆದುಕೊಳ್ಳುವುದು. ಬಹಳ ಮಂದಿ ಆಸ್ಪತ್ರೆ ಬಿಲ್ಲು ಎಷ್ಟಾಯಿತೋ ಅಷ್ಟು ಕೊಡಿಸಿ ಸಾಕು ಅನ್ನುತ್ತಾರೆ. ಸರ್ಕಾರಿ ಯೋಜನೆಯಲ್ಲಿ ಪುಕ್ಕಟೆ ಆಪರೇಷನ್ ಆದವರು ಬಿಲ್ಲೇ ಇಲ್ಲ, ಏನು ಕೇಳಲಿ ಅನ್ನುತ್ತಾರೆ. ಬಿಲ್ಲು ಒಂದು ಬಾಬತ್ತು ಮಾತ್ರ. ಓಡಾಟದ ಖರ್ಚು, ನೋಡಿಕೊಂಡವರ ದುಡಿಮೆ, ಕೆಲಸ ನಿಂತ ದಿನಗಳ ಗಳಿಕೆ, ನೋವು, ಮುಂದಿನ ಚಿಕಿತ್ಸೆ, ಮುಂದಿನ ಗಳಿಕೆಗೆ ಬಿದ್ದ ಪೆಟ್ಟು, ಇವೆಲ್ಲ ಬೇರೆ ಬೇರೆ. ಕೊನೆಯದೇ ಎಲ್ಲಕ್ಕಿಂತ ದೊಡ್ಡದು.

ಅಕ್ಕನ ಕೈಗೆ ಡಾಕ್ಟರ್ ಅಂಗವೈಕಲ್ಯದ ಪ್ರಮಾಣಪತ್ರ ಕೊಟ್ಟರು. ಇಡೀ ದೇಹಕ್ಕೆ ಲೆಕ್ಕ ಹಾಕಿದರೆ ಶೇಕಡಾ ಹತ್ತೂ ಮುಟ್ಟುವುದಿಲ್ಲ. ಮಂಟಪದವರು ಅದನ್ನೇ ಹಿಡಿದರು, ಹತ್ತೂ ಇಲ್ಲ, ಏನು ಮಹಾ ಅಂತ. ಆದರೆ ರೊಟ್ಟಿ ಬಡಿಯುವುದನ್ನು ಹತ್ತಿರದಿಂದ ನೋಡಿ. ಹಿಟ್ಟಿಗೆ ಎಸರು ಹಾಕಿ ಬಿಸಿ ಇರುವಾಗಲೇ ನಾದಬೇಕು, ಮೈಭಾರವೆಲ್ಲ ಅಂಗೈಯ ಬುಡಕ್ಕೆ ಬೀಳುತ್ತದೆ. ಎಡಗೈಯಿಂದ ತಿರುವುತ್ತ ಬಲಗೈಯಿಂದ ಒಂದೇ ಸಮ ಬಡಿಯಬೇಕು. ಆಮೇಲೆ ತೆಳ್ಳಗಿನ ರೊಟ್ಟಿಯನ್ನು ಹರಿಯದ ಹಾಗೆ ಅಂಗೈ ಮೇಲೆ ಎತ್ತಿ ಹಂಚಿಗೆ ಹಾಕುವಾಗ ಮಣಿಕಟ್ಟು ಪೂರ್ತಿ ಹೊರಳಬೇಕು. ಅವರ ಮಣಿಕಟ್ಟು ಅರ್ಧಕ್ಕೇ ನಿಲ್ಲುತ್ತಿತ್ತು. ಡಾಕ್ಟರನ್ನು ಸಾಕ್ಷಿಯಾಗಿ ಕೇಳಿದಾಗ ಶೇಕಡಾವಾರಿನ ಬಗ್ಗೆ ನಾನು ಜಾಸ್ತಿ ಕೇಳಲಿಲ್ಲ. ಈ ಕೈಯಿಂದ ದಿನಾ ಬೆಳಿಗ್ಗೆ ಕೂತು ಬುಟ್ಟಿ ತುಂಬ ರೊಟ್ಟಿ ಬಡಿಯಲು ಆಗುತ್ತದಾ ಅಂತ ಕೇಳಿದೆ. ಮನೆ ಮಟ್ಟಿಗೆ ನಾಲ್ಕು ಬಡಿಯಬಹುದು, ವ್ಯಾಪಾರಕ್ಕೆ ಅಂತ ಬಡಿದರೆ ನೋವು, ಬಾವು ತಪ್ಪಿದ್ದಲ್ಲ ಅಂತ ಅವರು ಹೇಳಿದರು. ನಮಗೆ ಬೇಕಿದ್ದದ್ದು ಆ ಮಾತು.

ಇದು ನಾನು ಕಂಡುಹಿಡಿದ ದಾರಿ ಏನಲ್ಲ. 2010ರಲ್ಲಿ ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಎಡಗೈ ಕಳೆದುಕೊಂಡವರು ಡ್ರೈವರ್ ಅಥವಾ ಬಡಿಗ ಆಗಿದ್ದರೆ ಅವರ ಗಳಿಕೆಯ ಶಕ್ತಿ ಹೆಚ್ಚುಕಡಿಮೆ ಪೂರ್ತಿಯೇ ಹೋಯಿತು. ಅದೇ ಸರ್ಕಾರಿ ಗುಮಾಸ್ತರಾಗಿದ್ದರೆ ನೌಕರಿ ಉಳಿಯಬಹುದು. ಹಾಗಾಗಿ ದೇಹಕ್ಕೆ ಎಷ್ಟು ಊನ ಅನ್ನುವುದರ ಜೊತೆ, ದುಡಿಮೆಗೆ ಎಷ್ಟು ಊನ ಅಂತಲೂ ನೋಡಬೇಕು. ಲೆಕ್ಕಕ್ಕೆ 2009ರ ಸರಳಾ ವರ್ಮಾ ತೀರ್ಪಿನ ಗುಣಕ ಇದೆ, ಅಂದರೆ ವರ್ಷದ ಗಳಿಕೆಯನ್ನು ಎಷ್ಟರಿಂದ ಗುಣಿಸಬೇಕು ಅನ್ನುವ ಸಂಖ್ಯೆ. 46ರಿಂದ 50 ವಯಸ್ಸಿನವರಿಗೆ ಅದು 13. ತಿಂಗಳಿಗೆ 12,000 ರೂಪಾಯಿ ಗಳಿಕೆ ಇದ್ದವರ ದುಡಿಮೆ ಶೇ. 20ರಷ್ಟು ಕುಗ್ಗಿತು ಅಂದುಕೊಳ್ಳಿ. ವರ್ಷಕ್ಕೆ 1,44,000, ಅದಕ್ಕೆ 13, ಅದರಲ್ಲಿ ಶೇ. 20 ಅಂದರೆ 3,74,400 ರೂಪಾಯಿ. ಇದು ಬರೀ ಮುಂದಿನ ಗಳಿಕೆಯ ಬಾಬತ್ತು. ಈ ತೀರ್ಪುಗಳು ವಾಹನ ಅಪಘಾತದ ಕೇಸುಗಳಲ್ಲಿ ಬಂದವು. ಬೇರೆ ಕಡೆ ಇದೇ ಲೆಕ್ಕ ಕಡ್ಡಾಯವಲ್ಲ, ಆದರೆ ಮುಂದಿಡಲು ಇದಕ್ಕಿಂತ ಗಟ್ಟಿ ಆಧಾರ ಇಲ್ಲ.

ಗಳಿಕೆಗೆ ಪುರಾವೆ ಏನು? ಅಕ್ಕನ ಹತ್ತಿರ ಸಂಬಳದ ಚೀಟಿ ಇರಲು ಸಾಧ್ಯವೇ? ಖಾನಾವಳಿಯವರ ಲೆಕ್ಕದ ವಹಿಯಲ್ಲಿ ದಿನಕ್ಕೆ ಎಷ್ಟು ರೊಟ್ಟಿ ಅಂತ ಬರೆದಿತ್ತು. ಫೋನ್‌ಪೇಯಲ್ಲಿ ಬಂದ ದುಡ್ಡು ಬ್ಯಾಂಕ್ ಪಾಸ್‌ಬುಕ್ಕಿನಲ್ಲಿತ್ತು. ಸ್ತ್ರೀಶಕ್ತಿ ಸಂಘಕ್ಕೆ ತಪ್ಪದೆ ಕಟ್ಟಿದ ಕಂತು ಇತ್ತು. ಹಿಟ್ಟಿನ ಗಿರಣಿಯವರು ಬಂದು ಹೇಳಿದರು. ಮನೆಗೆಲಸ ಬಿಟ್ಟು ಹೊರಗೆ ದುಡಿಯದ ಹೆಣ್ಣುಮಕ್ಕಳಿಗೂ ಪರಿಹಾರ ಇದೆ ಅನ್ನುವುದನ್ನು ಇಲ್ಲಿ ಒತ್ತಿ ಹೇಳುತ್ತೇನೆ. ಮನೆಗೆಲಸಕ್ಕೆ ಬೆಲೆ ಕಟ್ಟಬೇಕು ಅಂತ ಸುಪ್ರೀಂ ಕೋರ್ಟ್ ಒಂದಕ್ಕಿಂತ ಹೆಚ್ಚು ಸಲ ಹೇಳಿದೆ.

ಎದುರು ಪಕ್ಷದ ಇನ್ನೊಂದು ವಾದ ಯಾವಾಗಲೂ ಇದ್ದದ್ದೇ: “ಅವರೇ ನೋಡ್ಕೊಂಡ್ ನಡೀಬೇಕಿತ್ತು.” ನಿಮ್ಮದೂ ಸ್ವಲ್ಪ ತಪ್ಪಿದ್ದರೆ ಪರಿಹಾರ ಅಷ್ಟು ಕಡಿಮೆ ಆಗಬಹುದು, ಪೂರ್ತಿ ಹೋಗಬೇಕಿಲ್ಲ. ಫೋನ್ ನೋಡುತ್ತ ನಡೆದಿದ್ದರೆ ವಕೀಲರ ಹತ್ತಿರ ಅದನ್ನೂ ಮುಚ್ಚಿಡಬೇಡಿ. “ಬಿದ್ದರೆ ನಾವು ಜವಾಬ್ದಾರರಲ್ಲ” ಅಂತ ಬೋರ್ಡ್ ಹಾಕಿದ ಮಾತ್ರಕ್ಕೆ ಹೊಣೆ ಕಳಚಿಕೊಳ್ಳುವುದಿಲ್ಲ. ಮೆಟ್ಟಿಲು ಒರೆಸಲು ಒಬ್ಬರನ್ನು ಇಡುವುದು ಬೋರ್ಡ್ ಬರೆಸುವುದಕ್ಕಿಂತ ಕಷ್ಟದ ಕೆಲಸ ಏನಲ್ಲ.

ನನಗೆ ಸಿಟ್ಟು ಬರುವುದು ಆಸ್ಪತ್ರೆಯ ವಾರ್ಡಿಗೇ ಬಾಂಡ್ ಪೇಪರ್ ಹಿಡಿದುಕೊಂಡು ಬರುವವರ ಮೇಲೆ. ಹಣ್ಣು, ಬ್ರೆಡ್ಡು, ಒಂದಿಷ್ಟು ಸಾವಿರ ರೂಪಾಯಿ, ಜೊತೆಗೆ ಊರಿನ ಒಬ್ಬ ಹಿರಿಯರು. “ಆಗಿದ್ದು ಆಗಿ ಹೋತು, ಇಲ್ಲೊಂದು ಸಹಿ ಮಾಡ್ರಿ” ಅನ್ನುತ್ತಾರೆ. ಅದರಲ್ಲಿ ಬರೆದಿರುವುದು ಇನ್ನು ಮುಂದೆ ಯಾವ ತಕರಾರೂ ಇಲ್ಲ ಅಂತ. ನೋವಿನ ಮಾತ್ರೆಯ ಮಂಪರಿನಲ್ಲಿ ಬಲಗೈಗೆ ಪಟ್ಟಿ ಕಟ್ಟಿಕೊಂಡವರು ಎಡಗೈ ಹೆಬ್ಬೆಟ್ಟು ಒತ್ತಿದ ಕಾಗದವನ್ನು ನಾನು ನೋಡಿದ್ದೇನೆ. ಕೈ ಎಷ್ಟು ಕೂಡುತ್ತದೆ, ಮುಂದೆ ಎಷ್ಟು ಕೆಲಸ ಮಾಡುತ್ತದೆ ಅಂತ ಡಾಕ್ಟರಿಗೇ ಗೊತ್ತಿಲ್ಲದ ಹೊತ್ತಿನಲ್ಲಿ ರಾಜಿ ಮಾಡಿಕೊಳ್ಳುವುದು ಯಾವ ಲೆಕ್ಕದಲ್ಲೂ ಸರಿಯಲ್ಲ. ದುಡ್ಡಿನ ಅಡಚಣೆ ಇದ್ದರೆ ತೆಗೆದುಕೊಳ್ಳಿ. ಆದರೆ ರಸೀದಿಯಲ್ಲಿ “ಚಿಕಿತ್ಸೆಯ ಖರ್ಚಿನ ಬಾಬತ್ತು ಮುಂಗಡ, ನನ್ನ ಬೇರೆ ಹಕ್ಕುಗಳಿಗೆ ಬಾಧೆಯಿಲ್ಲ” ಅಂತ ಬರೆದು ಕೊಡಿ. ಖಾಲಿ ಹಾಳೆಗೆ ಯಾರು ಹೇಳಿದರೂ ಸಹಿ ಮಾಡಬೇಡಿ.

ರಾಜಿಯ ಮೇಲೆ ನನಗೆ ವಿರೋಧ ಇಲ್ಲ. ನಮ್ಮ ಭಾಗದಲ್ಲಿ ಹಿರಿಯರು ಕೂತು ಬಗೆಹರಿಸುವ ಪದ್ಧತಿಗೆ ಇನ್ನೂ ಬೆಲೆ ಇದೆ. ಅಕ್ಕನ ಕೇಸೂ ಕೊನೆಗೆ ರಾಜಿಯಲ್ಲೇ ಮುಗಿಯಿತು. ಡಾಕ್ಟರ ಸಾಕ್ಷಿ, ವಿಡಿಯೋ, ಖಾನಾವಳಿಯ ವಹಿ ಎಲ್ಲ ದಾಖಲಾದ ಮೇಲೆ ಮಂಟಪದವರೇ ಮಾತಿಗೆ ಬಂದರು. ಮೊತ್ತ ಹೇಳಬಾರದು ಅಂತ ಒಪ್ಪಂದ ಇದೆ. ವಾರ್ಡಿಗೆ ಬಂದ ದಿನ ಕೊಡುತ್ತೇವೆ ಅಂದಿದ್ದಕ್ಕೂ ಆ ಮೊತ್ತಕ್ಕೂ ಹೋಲಿಕೆಯೇ ಇರಲಿಲ್ಲ ಅಂತ ಮಾತ್ರ ಹೇಳಬಲ್ಲೆ. ಸಿವಿಲ್ ದಾವೆ ಇದ್ದರೆ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳಬಹುದು. ಅಲ್ಲಿನ ತೀರ್ಮಾನ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ, ಕಟ್ಟಿದ ಕೋರ್ಟ್ ಫೀ ವಾಪಸ್ ಬರುತ್ತದೆ.

ವಕೀಲರಿಗೆ ಕೊಡಲು ದುಡ್ಡಿಲ್ಲ ಅಂತ ಸುಮ್ಮನಿರುವವರಿಗೆ ಇದು ಗೊತ್ತಿರಲಿ. ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಪುಕ್ಕಟೆ ವಕೀಲರು ಸಿಗುತ್ತಾರೆ. ಉಳಿದವರಿಗೆ ಆದಾಯದ ಮಿತಿ ಇದೆ. ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆಗಳಲ್ಲಿ ಜಿಲ್ಲಾ ಪ್ರಾಧಿಕಾರ ಇದೆ, ತಾಲ್ಲೂಕು ಮಟ್ಟದಲ್ಲಿ ಸಮಿತಿಗಳಿವೆ. ಅಲ್ಲಿಗೆ ಹೋಗಿ ಒಂದು ಅರ್ಜಿ ಕೊಟ್ಟರೆ ಸಾಕು. ಹೋಗಲು ಆಗದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ, ಎಲ್ಲಿಗೆ ಹೋಗಬೇಕು, ಏನು ತರಬೇಕು ಅಂತ ಅವರೇ ಹೇಳುತ್ತಾರೆ.